ದೇಶ, ಬ್ಯಾಂಕು, ಅಂಗಡಿ: ಇದಾ, ಅದಾ?

ರಜೆಯ ದಿನದ ಮಧ್ಯಾಹ್ನ. ಊಟ ಮುಗಿದಿತ್ತು, ಇನ್ನೂ ಯಾರೂ ಕೈ ತೊಳೆದಿರಲಿಲ್ಲ. ಅಷ್ಟರಲ್ಲಿ ಕನ್ನಡಕದ ಅಂಗಡಿಯ ಯಜಮಾನರು ಎದ್ದು ನಿಂತು ಘೋಷಣೆ ಮಾಡಿಯೇಬಿಟ್ಟರು.

"ಮಗಳು ಏನು ಓದಬೇಕು ಅನ್ನೋದು ಇವತ್ತು ತೀರ್ಮಾನ ಆಗುತ್ತೆ! ಮಾಡಿಸೋನು ನಾನು! ಅದೂ ಹತ್ತೇ ನಿಮಿಷದಲ್ಲಿ!"

"ಆ ಹತ್ತು ನಿಮಿಷದಲ್ಲಿ ಈ ತಟ್ಟೆಗಳನ್ನ ತೊಳೆದುಕೊಟ್ಟರೂ ನನಗೆ ಸಾಕು," ಎಂದರು ಅವರ ಹೆಂಡತಿ. ಆಕೆ ಪ್ರೌಢಶಾಲೆಯಲ್ಲಿ ಭೂಗೋಳದ ಟೀಚರು. ಮನೆಯಲ್ಲಿಯೂ ಕೈಗೆ ಸಿಕ್ಕಿದ್ದನ್ನೆಲ್ಲ ಬೆತ್ತದ ಹಾಗೆ ಹಿಡಿದು ಮಾತಾಡುವುದು ಅಭ್ಯಾಸ. ಆ ಹೊತ್ತಿಗೆ ಕೈಯಲ್ಲಿದ್ದದ್ದು ಸೌಟು.

ವಿಷಯ ಇಷ್ಟೇ. ಒಬ್ಬಳೇ ಮಗಳು ಪುಟ್ಟಿಗೆ ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಆದರೆ ಯಾವ ವಿಷಯ ಎಂಬುದನ್ನು ಮನೆಯವರೇ ಆರಿಸಿ ಹೇಳಬೇಕಿತ್ತು. ಎದುರಿಗಿದ್ದವು ಮೂರು. ಒಂದು ಎಕನಾಮಿಕ್ಸ್, ಒಂದು ಫೈನಾನ್ಸ್, ಇನ್ನೊಂದು ಬಿಸಿನೆಸ್ ಎಕನಾಮಿಕ್ಸ್. ಸಂಜೆ ಐದರೊಳಗೆ ಕಂಪ್ಯೂಟರಿನಲ್ಲಿ ಒಂದನ್ನು ಒತ್ತದಿದ್ದರೆ, ಯಾರಿಗೂ ಬೇಡವಾಗಿ ಉಳಿದಿರುವ ಯಾವುದೋ ವಿಷಯವನ್ನು ಕಾಲೇಜೇ ಪುಟ್ಟಿಯ ತಲೆಗೆ ಕಟ್ಟುತ್ತಿತ್ತು. ಹೋದ ವರ್ಷ ಹಾಗೆ ಕಟ್ಟಿಸಿಕೊಂಡ ಹುಡುಗಿಯೊಬ್ಬಳು ಈಗ ಗೋದಾಮು ನಿರ್ವಹಣೆ ಓದುತ್ತಾ ಮೂಟೆಗಳ ಕನಸು ಕಾಣುತ್ತಿದ್ದಾಳೆಂದು ಪುಟ್ಟಿಗೆ ಗೊತ್ತಿತ್ತು. ಬೆಳಗ್ಗೆಯಿಂದ ಅವಳು ಉಗುರು ಕಚ್ಚಿ ಕಚ್ಚಿ ಈಗ ಬೆರಳಿಗೆ ಬಂದಿದ್ದಳು.

ಮೂರೂ ಹೆಸರುಗಳು ಅಜ್ಜಿಯ ಬಾಯಿಗೆ ಜಪ್ಪಯ್ಯ ಅಂದರೂ ಹತ್ತಲಿಲ್ಲ. ಆಕೆ ಯಜಮಾನರ ತಾಯಿ. ಅರ್ಥವನ್ನು ಕೇಳಿ ತಿಳಿದುಕೊಂಡು ತಾನೇ ಹೊಸ ಹೆಸರಿಟ್ಟುಬಿಟ್ಟರು. "ಇಡೀ ದೇಶದ ಸಂಸಾರ ಹೇಗೆ ನಡೆಯುತ್ತೆ ಅಂತ ಹೇಳಿಕೊಡೋದು ದೇಶ. ದುಡ್ಡನ್ನ ದುಡ್ಡಿನ ಹತ್ತಿರ ಮಲಗಿಸಿ ಮರಿ ಹಾಕಿಸೋದು ಬ್ಯಾಂಕು. ವ್ಯಾಪಾರ ಮಾಡೋದು ಅಂಗಡಿ. ಸರಿ ತಾನೆ?" ಇಷ್ಟು ಸ್ಪಷ್ಟವಾಗಿ ಕಾಲೇಜಿನವರೂ ಹೇಳಿರಲಿಲ್ಲ. ಅಂದಿನಿಂದ ಮನೆಯಲ್ಲೆಲ್ಲ ದೇಶ, ಬ್ಯಾಂಕು, ಅಂಗಡಿ ಎಂದೇ ಚಾಲ್ತಿಗೆ ಬಂದವು.

ಯಜಮಾನರ ಬಳಿ ಇದಕ್ಕೊಂದು ಬ್ರಹ್ಮಾಸ್ತ್ರವಿತ್ತು. ಕಣ್ಣು ಪರೀಕ್ಷೆಗೆ ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ದುಂಡನೆಯ ಫ್ರೇಮು ಏರಿಸಿ, ಒಂದೊಂದೇ ಗಾಜು ಬದಲಿಸುತ್ತಾ ಅವರು ಕೇಳುವುದು ಒಂದೇ ಪ್ರಶ್ನೆ: "ಇದಾ, ಅದಾ?" ಗೆದ್ದದ್ದು ಉಳಿಯುತ್ತದೆ, ಸೋತದ್ದು ಡ್ರಾಯರಿಗೆ ಹೋಗುತ್ತದೆ. ಮತ್ತೆ ಹೊಸ ಗಾಜು, ಮತ್ತೆ "ಇದಾ, ಅದಾ?" ಕಣ್ಣು ಪರೀಕ್ಷೆ ಮುಗಿದ ಮೇಲೆ ಫ್ರೇಮು ಮಾರುವಾಗಲೂ ಇದೇ ಕ್ರಮ. ಒಂದು ವ್ಯತ್ಯಾಸ ಮಾತ್ರ. ಕೊನೆಯ ಫ್ರೇಮನ್ನು ಅವರು ಮಖಮಲ್ಲಿನ ಬಟ್ಟೆಯಿಂದ ನಿಧಾನವಾಗಿ ಒರೆಸುತ್ತಾ, ಒಂದು ಸಣ್ಣ ನಿಟ್ಟುಸಿರಿನೊಂದಿಗೆ ಹೊರತೆಗೆಯುತ್ತಿದ್ದರು. ರಜೆಯಲ್ಲಿ ಅಂಗಡಿಗೆ ಬಂದು ಗಾಜು ಒರೆಸಿಕೊಡುತ್ತಿದ್ದ ಪುಟ್ಟಿ ಅದನ್ನು ಎಷ್ಟು ಸಲ ನೋಡಿದ್ದಳೋ!

"ನಾನು ಇವತ್ತು ಈ ಮಟ್ಟಕ್ಕೆ ಬಂದಿದ್ದೇ ಈ ಪದ್ಧತಿಯಿಂದ!" ಎಂದು ಯಜಮಾನರು ಎದೆಯುಬ್ಬಿಸಿದರು. "ನನ್ನ ಹದಿನೆಂಟನೇ ವಯಸ್ಸಲ್ಲಿ ಎದುರಿಗೆ ಮೂರು ದಾರಿ ಇತ್ತು. ಗಡಿಯಾರ ರಿಪೇರಿ, ಪ್ರಿಂಟಿಂಗ್ ಪ್ರೆಸ್ಸು, ಕನ್ನಡಕ. ಯಾರ ಬುದ್ಧಿವಾದವೂ ಇಲ್ಲ, ಯಾರ ಒತ್ತಾಯವೂ ಇಲ್ಲ! ಇದಾ ಅದಾ, ಇದಾ ಅದಾ ಅಂತ ನನ್ನಷ್ಟಕ್ಕೆ ನಾನೇ ತೂಗಿ ನೋಡಿ ಕನ್ನಡಕ ಆರಿಸಿಕೊಂಡೆ. ಸ್ವಂತ ತೀರ್ಮಾನ!"

ಮೂಲೆಯ ಕುರ್ಚಿಯಲ್ಲಿದ್ದ ಅಜ್ಜಿ ಕೆಮ್ಮಿದರು. ಅದು ಬರೀ ಕೆಮ್ಮು ಎಂದು ಯಜಮಾನರು ತಿಳಿದರು.

ಮೊದಲು ಕೂತದ್ದು ಪುಟ್ಟಿ. ಅಂಗಡಿಯಿಂದ ತಂದಿದ್ದ ಪರೀಕ್ಷೆಯ ಫ್ರೇಮನ್ನು ಗಾಂಭೀರ್ಯಕ್ಕಾಗಿ ಅವಳ ಮೂಗಿಗೆ ಏರಿಸಿ, ಮೂರು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ದೇಶ, ಬ್ಯಾಂಕು, ಅಂಗಡಿ ಎಂದು ಬರೆದು ಯಜಮಾನರು ಎದುರು ನಿಂತರು.

"ದೇಶವಾ, ಅಂಗಡಿಯಾ?"

"ದೇಶ," ಎಂದಳು ಪುಟ್ಟಿ.

"ಅವಸರ ಮಾಡಬೇಡ. ಕಣ್ಣು ಪಿಳುಕಿಸಿ ಇನ್ನೊಮ್ಮೆ ನೋಡು. ದೇಶವಾ, ಅಂಗಡಿಯಾ?"

"ದೇಶ ಅಂದೆನಲ್ಲ ಅಪ್ಪ."

"ಮೊದಲ ಉತ್ತರ ಯಾವತ್ತೂ ಕಣ್ಣಿನದಲ್ಲ, ಗಾಬರಿಯದು. ಇನ್ನೊಮ್ಮೆ."

ಹೀಗೆ ಇನ್ನೊಮ್ಮೆ, ಮತ್ತೊಮ್ಮೆ, ಮಗದೊಮ್ಮೆ ಕೇಳಿದ ಮೇಲೆ ಪುಟ್ಟಿ ಸಾಕಾಗಿ, "ಎರಡೂ ಒಂದೇ ಥರ ಕಾಣುತ್ತೆ ಅಪ್ಪ," ಎಂದಳು.

"ನೋಡಿದಿರಾ!" ಎಂದು ಯಜಮಾನರು ಗೆದ್ದವರಂತೆ ತಿರುಗಿದರು. "ಪಾಪ, ಮಗುವಿಗೆ ಗೊಂದಲ. ನಾವು ಹಿರಿಯರು ಮೂವರಿದ್ದೀವಿ. ಬಹುಮತದಿಂದ ತೀರ್ಮಾನ ಮಾಡೋಣ. ಎರಡೆರಡೇ ತೋರಿಸ್ತೀನಿ, ಕೈ ಎತ್ತಿ."

ಅವರ ಆಸೆ ಅವರಿಗೇ ಗುಟ್ಟು, ಉಳಿದವರಿಗೆಲ್ಲ ಗೊತ್ತು. ಪುಟ್ಟಿ ವ್ಯಾಪಾರ ಕಲಿತು ಬಂದು ಅಂಗಡಿಯ ಗಲ್ಲಾದಲ್ಲಿ ಕೂರಬೇಕು, ತಾವು ಪಕ್ಕದಲ್ಲಿ ನಿಂತು ಗಾಜು ಒರೆಸಬೇಕು! ಅದು ಆಗದಿದ್ದರೆ ದೇಶವಾದರೂ ಆಗಲಿ, ಬ್ಯಾಂಕು ಮಾತ್ರ ಬೇಡ. ಬ್ಯಾಂಕಿನ ಬೆಂಚಿನ ಮೇಲೆ ಅರ್ಧ ಆಯುಸ್ಸು ಕಾದು ಕೂತ ಸಿಟ್ಟು ಅವರದು.

ಟೀಚರಮ್ಮನ ಲೆಕ್ಕ ಬೇರೆ. ದೇಶ ಎಂದರೆ ಅವರಿಗೆ ನಕ್ಷೆ, ನಕ್ಷೆ ಎಂದರೆ ಪ್ರಾಣ. ದೇಶ ತಪ್ಪಿದರೆ ಬ್ಯಾಂಕಾದರೂ ಸರಿ, ಅಂಗಡಿ ಮಾತ್ರ ಸುತರಾಂ ಬೇಡ. "ಈ ಮನೆಗೆ ಒಬ್ಬ ಅಂಗಡಿಯವರೇ ಸಾಕಪ್ಪಾ ಸಾಕು! ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಗಿರಾಕಿ ಬಂದ ಅಂತ ನನ್ನ ಊಟದ ಎದುರಿಗೆ ಖಾಲಿ ಕುರ್ಚಿ!"

ಅಜ್ಜಿಗೆ ಬ್ಯಾಂಕೇ ಬೇಕು. "ಒಳಗೆ ತಣ್ಣಗಿರುತ್ತೆ, ಕೂರೋಕೆ ಒಳ್ಳೆ ಕುರ್ಚಿ ಕೊಡ್ತಾರೆ, ಮಳೆ ಬಂದರೂ ನೆನೆಯಲ್ಲ. ಅದಿಲ್ಲವಾ, ಅಂಗಡಿ. ಈ ದೇಶದ ಉಸಾಬರಿ ಮಾತ್ರ ಬೇಡ. ಅದನ್ನ ಸರಿ ಮಾಡೋಕೆ ದೊಡ್ಡ ದೊಡ್ಡವರ ಕೈಲೇ ಆಗಿಲ್ಲ, ಈ ಮಗು ಏನು ಮಾಡೀತು!"

ಮತದಾನ ಶುರುವಾಯಿತು. ಯಜಮಾನರು ಮೊದಲು ದೇಶ ಮತ್ತು ಬ್ಯಾಂಕಿನ ರಟ್ಟುಗಳನ್ನು ಎತ್ತಿ ಹಿಡಿದರು. ದೇಶಕ್ಕೆ ಗಂಡ ಹೆಂಡತಿಯ ಎರಡು ಕೈ, ಬ್ಯಾಂಕಿಗೆ ಅಜ್ಜಿಯದು ಒಂದು. ಬ್ಯಾಂಕು ಮೇಜಿನ ಕೆಳಗೆ ಹೋಯಿತು. ಆಮೇಲೆ ಅಂಗಡಿಯ ರಟ್ಟನ್ನು ಅಂಗಿಯ ತುದಿಯಿಂದ ಒರೆಸಿ, ಒಂದು ಸಣ್ಣ ನಿಟ್ಟುಸಿರು ಬಿಟ್ಟು, ಮೇಲೆತ್ತಿದರು.

"ದೇಶವಾ, ಅಂಗಡಿಯಾ?"

ಅಂಗಡಿಗೆ ಯಜಮಾನರು ಮತ್ತು ಅಜ್ಜಿ. ದೇಶಕ್ಕೆ ಒಂಟಿಯಾಗಿ ಟೀಚರಮ್ಮನ ಸೌಟು.

"ಅಂಗಡಿ! ಅಂಗಡಿ ಗೆದ್ದಿತು!" ಯಜಮಾನರು ಕುಣಿಯುವುದೊಂದು ಬಾಕಿ. "ಹತ್ತು ನಿಮಿಷ ಅಂದಿದ್ದೆ, ಐದೇ ನಿಮಿಷಕ್ಕೆ ಮುಗೀತು!"

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡು ಕಂಪ್ಯೂಟರಿನ ಗುಂಡಿ ಒತ್ತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಮೂಲೆಯಿಂದ ಅಜ್ಜಿಯ ಧ್ವನಿ ಬಂತು. "ಅಲ್ಲವೋ, ಬ್ಯಾಂಕಾ ಅಂಗಡಿಯಾ ಅಂತ ನನ್ನ ಯಾರೂ ಕೇಳಲೇ ಇಲ್ಲವಲ್ಲ?"

ಗೆದ್ದ ಮನುಷ್ಯನಿಗೆ ಎಲ್ಲಿಲ್ಲದ ಔದಾರ್ಯ. "ಕೇಳೋಣಮ್ಮ, ಧಾರಾಳವಾಗಿ ಕೇಳೋಣ! ನನ್ನ ಪದ್ಧತೀಲಿ ಯಾರಿಗೂ ಅನ್ಯಾಯ ಆಗಬಾರದು. ಬ್ಯಾಂಕಾ, ಅಂಗಡಿಯಾ?"

ಬ್ಯಾಂಕಿಗೆ ಅಜ್ಜಿಯ ಕೈ ಮೇಲೆದ್ದಿತು. ಪಕ್ಕದಲ್ಲಿಯೇ ಸೌಟೂ ಎದ್ದಿತು! ಅಂಗಡಿಗೆ ಯಜಮಾನರದು ಒಂದೇ ಕೈ, ಅದೂ ಮೊಣಕೈವರೆಗೆ ಮಾತ್ರ.

"ಬ್ಯಾಂಕು ಗೆದ್ದಿತು," ಎಂದರು ಅಜ್ಜಿ ಸಮಾಧಾನದಿಂದ.

"ಅದು ಹೇಗೆ ಗೆಲ್ಲುತ್ತೆ ಅತ್ತೆ?" ಎಂದು ಟೀಚರಮ್ಮ ಎದ್ದರು. "ಬ್ಯಾಂಕು ಆಗಲೇ ದೇಶದ ಮುಂದೆ ಸೋತಿದೆ! ಹಾಗಾದರೆ ಗೆದ್ದಿದ್ದು ದೇಶ!"

"ದೇಶ ಅಂಗಡಿ ಮುಂದೆ ಸೋತಿಲ್ಲವೇನೇ?" ಎಂದು ಯಜಮಾನರು ಹಾರಿದರು. "ಗೆದ್ದಿದ್ದು ಅಂಗಡಿ!"

"ಅಂಗಡಿ ಈಗ ತಾನೆ ಬ್ಯಾಂಕಿನ ಮುಂದೆ ಮಣ್ಣು ಮುಕ್ಕಿತಲ್ಲೋ!" ಎಂದರು ಅಜ್ಜಿ.

ಯಜಮಾನರು ಕಕ್ಕಾಬಿಕ್ಕಿಯಾದರು. ದೇಶ ಬ್ಯಾಂಕನ್ನು ಸೋಲಿಸಿದೆ. ಬ್ಯಾಂಕು ಅಂಗಡಿಯನ್ನು ಸೋಲಿಸಿದೆ. ಅಂಗಡಿ ದೇಶವನ್ನು ಸೋಲಿಸಿದೆ. ಮೂರೂ ಗೆದ್ದಿವೆ, ಮೂರೂ ಸೋತಿವೆ! ಇಷ್ಟು ವರ್ಷದಲ್ಲಿ ಯಾವ ಗಿರಾಕಿಯ ಕಣ್ಣೂ ಅವರಿಗೆ ಹೀಗೆ ಕೈ ಕೊಟ್ಟಿರಲಿಲ್ಲ.

"ಯಾರೋ ಸುಳ್ಳು ಹೇಳ್ತಿದ್ದೀರಿ!" ಎಂದು ತೀರ್ಪು ಕೊಟ್ಟು ಅವರು ಮತ್ತೆ ಮತದಾನ ನಡೆಸಿದರು. ಈ ಸಲ ಒಬ್ಬರ ಕೈ ಇನ್ನೊಬ್ಬರಿಗೆ ಕಾಣದಂತೆ ಒಂದೊಂದು ಕೋಣೆಯಲ್ಲಿ ಒಬ್ಬೊಬ್ಬರು. ತಾವೇ ರಟ್ಟು ಹಿಡಿದು ಅಡಿಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡಿಗೆಮನೆಗೆ ಓಡಾಡಿದರು. ಫಲಿತಾಂಶ ಎಳ್ಳಷ್ಟೂ ಬದಲಾಗಲಿಲ್ಲ. ಮತ ಹಾಕುವ ಭರದಲ್ಲಿ ಟೀಚರಮ್ಮ ಒಲೆಯ ಮೇಲಿಟ್ಟಿದ್ದ ಹಾಲು ಉಕ್ಕಿ ಒಲೆಯೂ ಆರಿತು, ಚಹಾದ ಆಸೆಯೂ ಆರಿತು.

ಆಮೇಲೆ ಪ್ರಚಾರ ಶುರುವಾಯಿತು. ಯಜಮಾನರು ಅಜ್ಜಿಯ ಕಾಲ ಬಳಿ ಕೂತು, "ಅಮ್ಮಾ, ಒಂದೇ ಒಂದು ಸಲ ಅಂಗಡಿಯನ್ನ ಬ್ಯಾಂಕಿಗಿಂತ ಮೇಲೆ ಇಡು. ಹೊಸ ಕನ್ನಡಕ ಮಾಡಿಕೊಡ್ತೀನಿ, ಹಗುರ ಫ್ರೇಮು," ಎಂದು ಬೆಣ್ಣೆ ಹಚ್ಚಿದರು.

"ರೀ! ಲಂಚ!" ಎಂದು ಅಡಿಗೆಮನೆಯಿಂದ ಗುಡುಗು ಬಂತು.

"ಕನ್ನಡಕ ಹೇಗಿದ್ದರೂ ನೀನೇ ಮಾಡಿಕೊಡಬೇಕಲ್ಲೋ," ಎಂದು ಅಜ್ಜಿ ಆ ದಾರಿಯನ್ನೂ ಮುಚ್ಚಿದರು.

ಅಷ್ಟರಲ್ಲಿ ತೆಗೆದುಕೊಂಡು ಹೋಗಿದ್ದ ಏಣಿ ಹಿಂದಿರುಗಿಸಲು ಮೇಲಿನ ಮಹಡಿಯ ಡ್ರೈವಿಂಗ್ ಮಾಸ್ತರು ಬಂದರು. ಮುಳುಗುವವರಿಗೆ ಹುಲ್ಲು ಕಂಡಂತಾಯಿತು. ಯಜಮಾನರು ಅವರನ್ನು ಏಣಿಯ ಸಮೇತ ಹಿಡಿದು ನಿಲ್ಲಿಸಿ ಕಥೆಯನ್ನೆಲ್ಲ ಒಪ್ಪಿಸಿದರು. ಮಾಸ್ತರು ಏಣಿಗೆ ಒರಗಿಕೊಂಡು ಸಾವಧಾನವಾಗಿ ಕೇಳಿ, "ಸ್ವಾಮಿ, ನೀವು ಸರ್ಕಲ್ಲಿಗೆ ನುಗ್ಗಿಬಿಟ್ಟಿದ್ದೀರಿ," ಎಂದರು. "ಸುತ್ತು ಹೊಡೀತಾನೇ ಇದ್ದೀರಿ. ಹೊರಗೆ ಹೋಗೋಕೆ ಯಾವ ಕಡೆಗೂ ಇಂಡಿಕೇಟರ್ ಹಾಕ್ತಿಲ್ಲ. ಹೊಸದಾಗಿ ಕಲಿಯೋರೆಲ್ಲ ಹೀಗೇ ಮಾಡೋದು. ನಾನಾಗಿದ್ದರೆ ಬ್ರೇಕು ನನ್ನ ಕಾಲ ಕೆಳಗೇ ಇಟ್ಟುಕೊಳ್ತಿದ್ದೆ." ಇಷ್ಟು ಹೇಳಿ ಏಣಿ ಇಟ್ಟು ಹೊರಟರು. ಇಡುವಾಗ ಅದರ ತುದಿ ತಗುಲಿ ಗೋಡೆಯ ಗಡಿಯಾರ ಕೆಳಗೆ ಬಿತ್ತು.

ಗಡಿಯಾರ ನಿಂತರೂ ಕಾಲ ನಿಲ್ಲಲಿಲ್ಲ. ಕಂಪ್ಯೂಟರಿನ ಮೂಲೆಯಲ್ಲಿ ಐದಾಗಲು ಇನ್ನು ಸ್ವಲ್ಪವೇ ಉಳಿದಿತ್ತು. ತಲೆ ಗಿರ್ರೆಂದಿದ್ದ ಯಜಮಾನರು, ಮಗಳಿಗೆ ಹಾಕಿದ್ದ ಪರೀಕ್ಷೆಯ ಫ್ರೇಮನ್ನು ತಮ್ಮ ಮೂಗಿಗೇ ಏರಿಸಿಕೊಂಡು, "ನಾನೇ ನೋಡ್ತೀನಿ, ಯಾವುದು ನಿಚ್ಚಳವಾಗಿ ಕಾಣುತ್ತೆ ಅಂತ!" ಎಂದು ಕಂಪ್ಯೂಟರಿನ ಕಡೆ ನುಗ್ಗಿದರು. ಫ್ರೇಮಿನೊಳಗೆ ಹಿಂದಿನ ದಿನದ ಗಿರಾಕಿಯ ದಪ್ಪ ಗಾಜು ಹಾಗೆಯೇ ಉಳಿದಿತ್ತು. ಕುರ್ಚಿ ಇದ್ದ ಜಾಗಕ್ಕಿಂತ ಒಂದು ಗೇಣು ಈಚೆಗೆ ಕೂತರು! ದಢಾರೆಂದು ನೆಲಕ್ಕೆ ಬಿದ್ದ ರಭಸಕ್ಕೆ ಮೇಜು ಅಲುಗಿ, ಅದರ ಮೇಲಿದ್ದ ಅಜ್ಜಿಯ ನೀರಿನ ಲೋಟ ಮಗುಚಿ, ಮೂರೂ ರಟ್ಟುಗಳು ನೆಲದ ಮೇಲೆ ಈಜಿದವು.

ಪುಟ್ಟಿಯ ಕಣ್ಣಲ್ಲಿ ನೀರು ಬಂದೇಬಿಟ್ಟಿತು. "ಅಪ್ಪ, ಇನ್ನು ಸ್ವಲ್ಪ ಹೊತ್ತಲ್ಲಿ ಅವರು ಗೋದಾಮಿಗೆ ಹಾಕ್ತಾರೆ ನನ್ನ!"

ನೆಲದ ಮೇಲೆ ಕೂತಿದ್ದ ಯಜಮಾನರಿಗೆ ಸೊಂಟದ ನೋವಿಗಿಂತ ಆ ಮಾತು ಹೆಚ್ಚು ಚುರುಕ್ಕೆಂದಿತು. ಮಧ್ಯಾಹ್ನದಿಂದ ತಾವು ಪದ್ಧತಿಯ ಮಾನ ಉಳಿಸಲು ಒದ್ದಾಡಿದ್ದೇ ಹೊರತು ಮಗಳ ಮುಖ ಸರಿಯಾಗಿ ನೋಡಿರಲಿಲ್ಲ. ಈಗ ನೋಡೋಣವೆಂದರೆ ಈ ದಪ್ಪ ಗಾಜಿನಲ್ಲಿ ಅವಳ ಮುಖ ಮಸುಕು ಮಸುಕು! ಫ್ರೇಮು ಕಿತ್ತು ಪಕ್ಕಕ್ಕಿಟ್ಟು, "ಏನು ಮಾಡೋಣಮ್ಮ, ಹೇಳು," ಎಂದರು ಮೆತ್ತಗೆ.

ಪುಟ್ಟಿ ಮೂಗು ಒರೆಸಿಕೊಂಡಳು. "ನಿಮ್ಮ ಪದ್ಧತೀಲೇ ಮಾಡೋಣ ಅಪ್ಪ. ಆದರೆ ಅಂಗಡೀಲಿ ಮಾಡೋ ಹಾಗೆ ಸರಿಯಾಗಿ. ಸೋತಿದ್ದು ಡ್ರಾಯರಿಗೆ ಹೋಯ್ತು ಅಂದರೆ ಹೋಯ್ತು. ಮತ್ತೆ ಹೊರಗೆ ತೆಗೆಯೋ ಹಾಗಿಲ್ಲ. ನೀವು ಯಾವತ್ತಾದರೂ ಡ್ರಾಯರಿಂದ ವಾಪಸ್ಸು ತೆಗೆದಿದ್ದೀರಾ?"

"ಛೆ ಛೆ! ಎಂದಾದರೂ ಉಂಟೆ!" ಯಜಮಾನರಿಗೆ ಹೋದ ಜೀವ ಬಂದಂತಾಯಿತು. "ಅದೇ ನಾವು ಮಾಡಿದ ತಪ್ಪು! ನೋಡಿದಿರಾ, ಪದ್ಧತಿ ಸರಿಯಾಗಿಯೇ ಇತ್ತು, ಡ್ರಾಯರು ಮರೆತಿದ್ದೆವು! ಭಲೇ ಪುಟ್ಟಿ! ರಟ್ಟು ನೀನೇ ಹಿಡಿ. ನಿನ್ನಷ್ಟು ನಿಷ್ಪಕ್ಷಪಾತಿ ಈ ಮನೇಲಿ ಇನ್ನು ಯಾರಿದ್ದಾರೆ!"

ಪುಟ್ಟಿ ಎರಡು ಒದ್ದೆ ರಟ್ಟುಗಳನ್ನು ಎತ್ತಿದಳು. "ಮೊದಲು ಬ್ಯಾಂಕಾ, ಅಂಗಡಿಯಾ?"

ಬ್ಯಾಂಕಿಗೆ ಅಜ್ಜಿಯ ಕೈ ಮತ್ತು ಸೌಟು. ಅಂಗಡಿ ಸೋತಿತು. ಮೇಜಿನ ಡ್ರಾಯರು ಎಳೆದು ಪುಟ್ಟಿ ಅದನ್ನು ಒಳಗೆ ಹಾಕುವುದನ್ನು ಯಜಮಾನರು ನೋಡಿದರು. ಗಲ್ಲಾದಲ್ಲಿ ಕೂತ ಮಗಳು, ಪಕ್ಕದಲ್ಲಿ ಗಾಜು ಒರೆಸುವ ತಾವು, ಎಲ್ಲವೂ ಆ ಡ್ರಾಯರಿನೊಳಗೆ ಹೋದವು. ಆದರೆ ಮಾತು ಕೊಟ್ಟಾಗಿತ್ತು.

ಪುಟ್ಟಿ ಮೂರನೆಯ ರಟ್ಟನ್ನು ನೆಲದಿಂದ ಎತ್ತಿಕೊಂಡಳು. ಒದ್ದೆಯಾಗಿತ್ತಲ್ಲ, ಪರೀಕ್ಷೆಯ ಫ್ರೇಮಿನ ಜೊತೆಯಿದ್ದ ಮಖಮಲ್ಲಿನ ಬಟ್ಟೆ ತೆಗೆದು ನಿಧಾನವಾಗಿ ಒರೆಸಿದಳು. ಒಂದು ಸಣ್ಣ ನಿಟ್ಟುಸಿರೂ ಬಂತು.

"ಈಗ ಬ್ಯಾಂಕಾ, ದೇಶವಾ?"

"ದೇಶ!" ಎಂದು ಯಜಮಾನರೇ ಎಲ್ಲರಿಗಿಂತ ಮೊದಲು ಕೈ ಎತ್ತಿದರು. ಬ್ಯಾಂಕಿನ ಬೆಂಚು ಅವರ ಕಣ್ಣ ಮುಂದೆ ಬಂದುಬಿಟ್ಟಿತ್ತು. "ನನ್ನ ಮಗಳು ಆ ಬ್ಯಾಂಕಿಗೆ ಹೋಗೋದಾ! ದೇಶ, ದೇಶ!" ಟೀಚರಮ್ಮನ ಸೌಟೂ ಎದ್ದಿತು. ಪುಟ್ಟಿ ಗುಂಡಿ ಒತ್ತಿದಳು. ಕಂಪ್ಯೂಟರು ಒಂದು ಕ್ಷಣ ಯೋಚಿಸಿ, ಎಕನಾಮಿಕ್ಸ್ ಎಂದು ಹಸಿರಕ್ಷರದಲ್ಲಿ ತೋರಿಸಿತು. ಅದರ ಹಿಂದೆಯೇ ಐದಾಯಿತು.

ಹೊಸದಾಗಿ ಹಾಲಿಟ್ಟು ಮಾಡಿದ ಚಹಾ ಬಂತು. ಯಜಮಾನರು ದಿಂಬಿಗೆ ಒರಗಿ ಕೂತು ಮೀಸೆ ತಿರುವಿದರು. "ಏನಂದಿದ್ದೆ ನಾನು? ತೀರ್ಮಾನ ಮಾಡಿಸ್ತೀನಿ ಅಂದಿದ್ದೆ. ಮಾಡಿಸಿದೆ! ಎಲ್ಲರ ಒಪ್ಪಿಗೆ, ಪೂರ್ತಿ ಬಹುಮತ, ಯಾರಿಗೂ ಅನ್ಯಾಯವಿಲ್ಲ!"

ಟೀಚರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು.

"ಯಾಕೆ ನಗ್ತೀಯ?"

"ಏನಿಲ್ಲ ರೀ. ಪುಟ್ಟಿ ಮೊದಲು ದೇಶವಾ ಅಂಗಡಿಯಾ ಅಂತ ಕೇಳಿದ್ದರೆ ಏನಾಗ್ತಿತ್ತು ಅಂತ ಯೋಚನೆ ಮಾಡ್ತಿದ್ದೆ."

ಯಜಮಾನರು ಚಹಾ ಕೆಳಗಿಟ್ಟರು. ಸಕ್ಕರೆ ಡಬ್ಬ ಒಂದು, ಚಮಚ ಒಂದು, ಬಿಸ್ಕತ್ತು ಒಂದು ಮುಂದಿಟ್ಟುಕೊಂಡು, ದೇಶ, ಬ್ಯಾಂಕು, ಅಂಗಡಿ ಎಂದು ಗೊಣಗುತ್ತಾ ಆ ಕಡೆ ಈ ಕಡೆ ಸರಿಸಿ ನೋಡಿದರು. ಬ್ಯಾಂಕನ್ನು ಕೊನೆಗಿಟ್ಟರೆ ಬ್ಯಾಂಕು ಗೆಲ್ಲುತ್ತದೆ. ಅಂಗಡಿಯನ್ನು ಕೊನೆಗಿಟ್ಟರೆ ಅಂಗಡಿ. ದೇಶವನ್ನು ಕೊನೆಗಿಟ್ಟರೆ... ಅವರ ಮುಖ ನಿಧಾನವಾಗಿ ಕೆಂಪಾಯಿತು.

"ಪುಟ್ಟೀ! ಬಾ ಇಲ್ಲಿ! ಯಾವುದು ಕೊನೆಗೆ ಬಂದರೆ ಅದೇ ಗೆಲ್ಲುತ್ತೆ ಅಂತ ನಿನಗೆ ಮೊದಲೇ ಗೊತ್ತಿತ್ತಾ?"

"ಹೂಂ ಅಪ್ಪ. ನೀವು ಕೋಣೆಯಿಂದ ಕೋಣೆಗೆ ಓಡಾಡ್ತಿದ್ದಾಗ ಹೊಳೀತು."

"ಯಾವ ಪುಸ್ತಕದಲ್ಲಿ ಓದಿದೆ?"

"ಪುಸ್ತಕ ಎಲ್ಲ ಇನ್ನು ಮುಂದೆ ಕಾಲೇಜಲ್ಲಿ. ಇದು ನಿಮ್ಮ ಅಂಗಡೀಲಿ ಕಲಿತದ್ದು. ಮಾರಬೇಕು ಅಂದುಕೊಂಡ ಫ್ರೇಮನ್ನ ಕೊನೆಗೆ ಇಡ್ತೀರಲ್ಲ, ಮಖಮಲ್ಲಲ್ಲಿ ಒರೆಸಿ?"

ಯಜಮಾನರು ಬಿಸ್ಕತ್ತನ್ನು ಬದಿಗೆ ಸರಿಸಿದರು. "ಅಷ್ಟೊಂದು ಆಸೆ ಇದ್ದಿದ್ದರೆ ಬಾಯಿ ಬಿಟ್ಟು ದೇಶ ಅಂತ ಹೇಳೋಕೇನಾಗಿತ್ತಮ್ಮ?" ಎಂದರು.

"ಎಲ್ಲರಿಗಿಂತ ಮೊದಲು ಹೇಳಿದ್ದೇ ಅದನ್ನ ಅಪ್ಪ. ನೀವು ಇನ್ನೊಮ್ಮೆ ನೋಡು, ಇನ್ನೊಮ್ಮೆ ನೋಡು ಅಂದಿರಿ."

ಅವರು ತಲೆ ತಗ್ಗಿಸಿದರು. ನಿಜವಾಗಿಯೂ ನಾಚಿಕೆಯಾಯಿತು. ಅದರ ಬೆನ್ನಿಗೇ, ಇಂಥ ತಲೆ ಗಲ್ಲಾದ ಹಿಂದೆ ಕೂರುವುದಕ್ಕೆ ಹುಟ್ಟಿದ್ದಲ್ಲ ಎಂಬ ಹೆಮ್ಮೆಯೂ ಬಂತು. ಆ ಹೆಮ್ಮೆಯ ಬಲದಿಂದ ಕುತ್ತಿಗೆಯನ್ನು ಮತ್ತೆ ನೇರ ಮಾಡಿಕೊಂಡು ಶುರುಮಾಡಿದರು: "ಹೋಗಲಿ, ಗುಟ್ಟು ಯಾರದು? ನಂದೇ ತಾನೆ! ಹದಿನೆಂಟನೇ ವಯಸ್ಸಲ್ಲೇ ಕಂಡುಹಿಡಿದದ್ದು! ಗಡಿಯಾರವಾ, ಪ್ರೆಸ್ಸಾ, ಕನ್ನಡಕವಾ ಅಂತ ನನ್ನಷ್ಟಕ್ಕೆ ನಾನೇ..."

ಮೂಲೆಯಲ್ಲಿ ಅಜ್ಜಿ ಮತ್ತೆ ಕೆಮ್ಮಿದರು. ಈ ಸಲ ಅದು ಕೆಮ್ಮಲ್ಲವೆಂದು ಎಲ್ಲರಿಗೂ ತಿಳಿಯಿತು.

"ನಿನ್ನಷ್ಟಕ್ಕೆ ನೀನೇ ಎಲ್ಲಿ ಕೇಳಿಕೊಂಡೆಯೋ? ಹಿತ್ತಲ ಕಟ್ಟೆ ಮೇಲೆ ಕೂರಿಸಿ ಕೇಳಿದವಳು ನಾನು. ಕೊನೆಗೆ ಕೇಳಿದ್ದಕ್ಕೆ ಹೂಂ ಅನ್ನೋ ಬುದ್ಧಿ ನಿನಗೆ ಚಿಕ್ಕಂದಿನಿಂದಲೂ. ಅದಕ್ಕೇ ಗಡಿಯಾರ, ಪ್ರೆಸ್ಸು ಎರಡನ್ನೂ ಮೊದಲು ಕೇಳಿ ಮುಗಿಸಿ, ಕನ್ನಡಕ ಕೊನೆಗೆ ಇಟ್ಟೆ."

"ಅಮ್ಮಾ!" ಯಜಮಾನರ ಧ್ವನಿ ಇಳಿದುಹೋಯಿತು. "ಯಾಕೆ? ಆ ಕಸುಬಿಗೆ ನನ್ನಲ್ಲಿ ಅಂಥಾದ್ದೇನು ಕಂಡೆ ನೀನು?"

"ಕಂಡಿದ್ದೇನು ಬಂತು!" ಎಂದು ಅಜ್ಜಿ ತಮ್ಮ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡರು. "ಆಗ ನನಗೆ ಕಣ್ಣು ಮಂಜಾಗೋಕೆ ಶುರುವಾಗಿತ್ತಲ್ಲೋ!"